ಮಾರುವ ಕೈಗೆ ಮಾಡುವ ವಿದ್ಯೆಯೂ ಬರಲಿ

ಎಸೆಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಇನ್ನು ಇವನಿಗೆ ಎಂಥ ಮಾಡ್ಸುದು?’ ಪ್ರಶ್ನೆ ಹುಡುಗನದ್ದು, ಆದರೆ ಅವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಲಾಗುತ್ತದೆ. ಉಪ್ಪ ತಮ್ಮ ಅಣ್ಣನನ್ನು ಕೇಳುತ್ತಾರೆ. ಅವರು ಮಂಗಳೂರಿನಲ್ಲಿರುವ ಭಾವನಿಗೆ ಫೋನ್ ಮಾಡುತ್ತಾರೆ. ಭಾವ ದುಬೈಯಲ್ಲಿರುವ ಅಳಿಯನ ಅಭಿಪ್ರಾಯ ತೆಗೆದುಕೊಳ್ಳುತ್ತಾರೆ. ಇಷ್ಟು ದೂರ ಸುತ್ತಿ ಬಂದ ಉತ್ತರ ಮಾತ್ರ ಪ್ರತಿ ವರ್ಷವೂ ಅದೇ. ಅಂಕ ಚೆನ್ನಾಗಿದ್ದರೆ ವಿಜ್ಞಾನ, ಆಮೇಲೆ ಕಂಪ್ಯೂಟರ್ ಸೈನ್ಸ್. ಸಾಧಾರಣ ಇದ್ದರೆ ಕಾಮರ್ಸ್, ಆಮೇಲೆ ಅಂಗಡಿ. ಕಡಿಮೆ ಇದ್ದರೆ ನೇರ ಅಂಗಡಿ, ಇಲ್ಲವೆ ಪಾಸ್‌ಪೋರ್ಟ್. ಐಟಿಐ, ಡಿಪ್ಲೊಮಾ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮಾತುಗಳು ಬಂದರೂ ‘ಅದು ಕೈ ಕಪ್ಪು ಮಾಡಿಕೊಳ್ಳುವ ಕೆಲಸ, ನಮ್ಮ ಹುಡುಗನಿಗೆ ಬೇಡ’ ಎಂಬಲ್ಲಿಗೆ ನಿಲ್ಲುತ್ತವೆ.

ಕೈ ಕಪ್ಪಾಗುವ ಕೆಲಸ ನಮಗೆ ಬೇಡ ಎಂಬ ಈ ತೀರ್ಮಾನದಿಂದ ನಾವು ದೊಡ್ಡ ನಷ್ಟ ಅನುಭವಿಸುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

‘ಬ್ಯಾರ’ ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಹೆಸರಿಗೆ ತಕ್ಕಂತೆ ನಾವು ಮೀನು, ಅಡಿಕೆ, ಮೆಣಸು, ಮರ, ಹಾರ್ಡ್‌ವೇರ್, ಗುಜರಿ ಎಲ್ಲವನ್ನೂ ಮಾರಿದವರು. ಘಟ್ಟ ಹತ್ತಿ ಇಳಿದು ವ್ಯಾಪಾರ ಮಾಡಿದವರು. ಇದು ಹೆಮ್ಮೆಯ ವಿಷಯವೇ. ಆದರೆ ಒಂದು ಲೆಕ್ಕ ನೋಡಿ. 1865ರಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳ ಆವೆಮಣ್ಣು ನಮ್ಮ ಊರಿನದ್ದೇ. ಸೌದೆಯೂ ನಮ್ಮ ಘಟ್ಟದ್ದೇ. ಆ ಮಣ್ಣನ್ನು ಅಚ್ಚಿಗೆ ಹಾಕಿ, ಒತ್ತಿ, ಸುಟ್ಟು ಒಂದೇ ಅಳತೆಯ ಹೆಂಚು ಮಾಡುವ ವಿದ್ಯೆ ಮಾತ್ರ ಹೊರಗಿನಿಂದ ಬಂತು. ‘ಮಂಗಳೂರು ಹೆಂಚು’ ಎಂಬ ಹೆಸರು ಸಮುದ್ರ ದಾಟಿತು. ಅದನ್ನು ಮಂಜಿಗಳಲ್ಲಿ, ಎತ್ತಿನ ಗಾಡಿಗಳಲ್ಲಿ ಸಾಗಿಸಿ ಮಾರಿದವರಲ್ಲಿ ನಮ್ಮವರೂ ಇದ್ದರು. ಮಾರಿದವನಿಗೆ ಸಿಕ್ಕಿದ್ದು ಆ ದಿನದ ಲಾಭ. ಅಚ್ಚು ಕೊರೆಯಲು, ಯಂತ್ರ ನಡೆಸಲು ಕಲಿತವನ ಕೈಗೆ ಒಂದು ವಿದ್ಯೆ ಸಿಕ್ಕಿತು, ಅದು ಮಕ್ಕಳಿಗೂ ದಾಟಿತು.

ನಾವು ಮಾರುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮಾರುವುದರ ಜೊತೆಗೆ ಮಾಡುವುದನ್ನೂ ಕಲಿಯಬೇಕು ಎನ್ನುತ್ತಿದ್ದೇನೆ.

ಕಾರ್ಖಾನೆ ಇಲ್ಲದ ಊರಿನ ಎಂಜಿನಿಯರಿಂಗ್

ಈ ಮಾತನ್ನು ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ನಿಂತು ಹೇಳುವುದು ಸುಲಭ. ಅಲ್ಲಿ ಕಣ್ಣೆದುರಿಗೇ ಬಂದರು, ಗೊಬ್ಬರ ಕಾರ್ಖಾನೆ, ಎಂಆರ್‌ಪಿಎಲ್ ಇವೆ. ಆದರೆ ಈ ಪುಟ ಓದುವವರಲ್ಲಿ ಘಟ್ಟದ ಮೇಲಿನವರೂ ಇದ್ದಾರೆ. ಹಾಗಾಗಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕೋಲಸಿರ್ಸಿಯಂಥ ಒಂದು ಊರನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ. ಅಲ್ಲಿನ ಮಗುವಿಗೆ ಒಪ್ಪುವ ಮಾತು ಬೇರೆ ಊರಿನ ಮಗುವಿಗೂ ಒಪ್ಪುತ್ತದೆ.

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಿಗೂ ರೈಲಿಲ್ಲ. ಸಿದ್ದಾಪುರದವರಿಗೆ ರೈಲು ಎಂದರೆ ಪಕ್ಕದ ಸಾಗರ ತಾಲೂಕಿನ ತಾಳಗುಪ್ಪ. ಯಲ್ಲಾಪುರದ ಮೇಲೆ ಹಾದುಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಚರ್ಚೆಯಲ್ಲೇ ಇದೆ. ಸುತ್ತ ಕಾಡು, ನಡುವೆ ಭತ್ತದ ಗದ್ದೆ, ಅಡಿಕೆ ತೋಟ. ಕಾಡು ಉಳಿಸಿಕೊಳ್ಳಲು 1983ರಲ್ಲಿ ಸಿರ್ಸಿಯ ಸಾಲ್ಕಣಿ ಭಾಗದಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತ ನಾಡು ಇದು. ಇಲ್ಲಿಗೆ ಹೊಗೆ ಉಗುಳುವ ದೊಡ್ಡ ಕಾರ್ಖಾನೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

‘ಹಾಗಾದ್ರೆ ಇಲ್ಲಿನ ಹುಡುಗ ಮೆಕ್ಯಾನಿಕಲ್ ಓದಿ ಎಂಥ ಮಾಡುದು?’ ಎಂದು ಕೇಳಬಹುದು. ಉತ್ತರಕ್ಕೆ ದೂರ ಹೋಗಬೇಕಿಲ್ಲ. ಸಿದ್ದಾಪುರದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಜೋಗ ಇದೆ. ನಾವು ಅಲ್ಲಿಗೆ ಹೋಗುವುದು ಜಲಪಾತ ನೋಡಲು. ಫೋಟೊ ತೆಗೆದು, ಮಂಡಕ್ಕಿ ತಿಂದು ಬರುತ್ತೇವೆ. ಅದೇ ನೀರಿನಿಂದ 1940ರ ದಶಕದ ಕೊನೆಯಿಂದಲೂ ಅಲ್ಲಿ ವಿದ್ಯುತ್ ತಯಾರಾಗುತ್ತಿದೆ. ನಂತರ ಬಂದ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಘಟಕಗಳಿವೆ, ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಯಲ್ಲಾಪುರ ತಾಲೂಕಿನಲ್ಲೇ ಕಾಳಿ ನದಿಗೆ ಕೊಡಸಳ್ಳಿ ಅಣೆಕಟ್ಟಿದೆ, ಅಲ್ಲಿ 120 ಮೆಗಾವಾಟ್. ಅದರಾಚೆ ಕೈಗಾ. ಅಲ್ಲಿನ ನಾಲ್ಕು ಅಣು ವಿದ್ಯುತ್ ಘಟಕಗಳಿಂದ 880 ಮೆಗಾವಾಟ್. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಯವರೆಗೆ ಸತತ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ.

ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಂದು ಯಂತ್ರ ನಿಲ್ಲದೆ ಓಡಬೇಕಾದರೆ ಅದರ ಹಿಂದೆ ಯಾರಿದ್ದಾರೆ? ದೊಡ್ಡ ವಿಜ್ಞಾನಿಗಳು ಇದ್ದಾರೆ, ನಿಜ. ಅವರ ಜೊತೆಗೆ ಬೇರಿಂಗಿನ ಬಿಸಿ ನೋಡುವವನು, ವಾಲ್ವ್ ಬಿಗಿ ಮಾಡುವವನು, ವೆಲ್ಡಿಂಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕುವವನು, ಪಂಪಿನ ಸದ್ದು ಬದಲಾದರೆ ಗುರುತು ಹಿಡಿಯುವವನು ಇದ್ದಾನೆ. ಅಣು ವಿದ್ಯುತ್ ನಿಗಮ ಐಟಿಐ ಆದವರನ್ನೂ ಡಿಪ್ಲೊಮಾ ಆದವರನ್ನೂ ವೇತನ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತದೆ. ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡ್ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಹೆಸ್ಕಾಂ, ಕೆಪಿಸಿ, ರೈಲ್ವೆಯಲ್ಲೂ ತಾಂತ್ರಿಕ ಹುದ್ದೆಗಳಿವೆ. ಅಧಿಸೂಚನೆ ಹೊರಟಾಗ ಅರ್ಜಿ ಹಾಕುವ ಅರ್ಹತೆಯಾದರೂ ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗಿದೆ? ಅರ್ಜಿಯನ್ನೇ ಹಾಕದೆ ‘ನಮ್ಮವರಿಗೆ ಎಲ್ಲಿ ಕೊಡ್ತಾರೆ’ ಎಂದರೆ ಆ ಮಾತಿಗೆ ತೂಕ ಬರುವುದಿಲ್ಲ.

ಅಡಿಕೆ ಕಲಿಸುವ ಪಾಠ

ದೊಡ್ಡ ವಿದ್ಯುದಾಗಾರಗಳನ್ನು ಬಿಡಿ, ಮನೆ ಅಂಗಳಕ್ಕೇ ಬನ್ನಿ. ಒಂದು ಕಾಲದಲ್ಲಿ ಸಿರ್ಸಿ–ಸಿದ್ದಾಪುರ ಸೀಮೆಯಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ರಾತ್ರಿಯಿಡೀ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವವರ ಸಾಲು ಕೂತಿರುತ್ತಿತ್ತು. ಈಗ ಕೂಲಿಯಾಳು ಸಿಗುವುದಿಲ್ಲ. ಸುಲಿಯುವ ಯಂತ್ರ ಬಂದಿದೆ. ಮರ ಹತ್ತುವ ಕೊನೆಗೌಡರು ಕಡಿಮೆಯಾದರು. ನೆಲದಲ್ಲೇ ನಿಂತು ಕೊನೆ ಕೊಯ್ಯುವ ಹಗುರ ಫೈಬರ್ ದೋಟಿ ಬಂದಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಪವರ್ ಸ್ಪ್ರೇಯರ್, ಒಣಗಿಸಲು ಡ್ರೈಯರ್, ಸೊಪ್ಪು ಕತ್ತರಿಸಲು, ಗೊಬ್ಬರ ಸಾಗಿಸಲು, ಎಲ್ಲದಕ್ಕೂ ಯಂತ್ರ.

ಈ ಯಂತ್ರಗಳಲ್ಲಿ ಬಗೆಹರಿಯದ ಸಮಸ್ಯೆಗಳು ಬೇಕಾದಷ್ಟಿವೆ. ಹಸಿ ಅಡಿಕೆ ಎಲ್ಲ ಒಂದೇ ಗಾತ್ರ ಇರುವುದಿಲ್ಲ. ರೋಲರ್ ಮತ್ತು ಬ್ಲೇಡಿನ ನಡುವಿನ ಅಂತರ ಹೆಚ್ಚಾದರೆ ಸಿಪ್ಪೆ ಉಳಿಯುತ್ತದೆ, ಕಡಿಮೆಯಾದರೆ ಅಡಿಕೆಗೆ ಗಾಯವಾಗುತ್ತದೆ. ಗಾಯವಾದ ಅಡಿಕೆಗೆ ಮಂಡಿಯಲ್ಲಿ ದರ ಬೀಳುತ್ತದೆ. ಹಳ್ಳಿಯಲ್ಲಿ ಸಿಂಗಲ್ ಫೇಸ್ ಕರೆಂಟು, ಅದೂ ಹೋಗಿ ಬಂದು. ಸುಗ್ಗಿಯ ನಡುವೆ ಮೋಟರ್ ಸುಟ್ಟರೆ ರಿಪೇರಿಯವರು ನಾಲ್ಕು ದಿನ ಬರುವುದಿಲ್ಲ. ಇವೆಲ್ಲ ಎಂಜಿನಿಯರಿಂಗ್ ಸಮಸ್ಯೆಗಳೇ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತವನಿಗೆ ಇದು ಗೊತ್ತಾಗುವುದಿಲ್ಲ. ಕೋಲಸಿರ್ಸಿಯಂಥ ಊರಿನಲ್ಲಿ ಬೆಳೆದವನಿಗೆ ಹುಟ್ಟಿನಿಂದಲೇ ಗೊತ್ತು.

ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದ್ದು 2019ರಲ್ಲಿ ದೇಶವಿಡೀ ಸುದ್ದಿಯಾಯಿತು. ಚಿಕ್ಕ ಪೆಟ್ರೋಲ್ ಎಂಜಿನ್, ಕೂರಲು ಸೀಟು, ಬೆಲ್ಟ್, ಕೈಗೆ ಬ್ರೇಕ್. ಅವರಿಗೆ ಅದು ಹೊಳೆದದ್ದು ಕೊಯ್ಲಿಗೆ ಜನ ಸಿಗದ ಸಂಕಟದಿಂದ. ಅಂಥದ್ದೇ ಸಂಕಟ ಪ್ರತಿ ಊರಿನಲ್ಲಿದೆ. ಅದನ್ನು ಯಂತ್ರವಾಗಿ ಮಾಡುವ ವಿದ್ಯೆ ಇದ್ದವರು ಕಡಿಮೆ.

ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ, ಅದನ್ನು ನಾವೇ ಗಮನಿಸಿಲ್ಲ. ಹಾರ್ಡ್‌ವೇರ್ ಅಂಗಡಿ, ಸ್ಪೇರ್‌ಪಾರ್ಟ್ ಅಂಗಡಿ, ಗುಜರಿ, ಗ್ಯಾರೇಜ್ ಇವುಗಳಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಯಾವ ಕಂಪೆನಿಯ ಪಂಪಿನ ಯಾವ ಸೀಲ್ ಬೇಗ ಹೋಗುತ್ತದೆ, ಯಾವ ಬೆಲ್ಟಿಗೆ ಸುಗ್ಗಿಯಲ್ಲಿ ಬೇಡಿಕೆ, ಯಾವ ಬೇರಿಂಗ್ ನಕಲಿ ಬರುತ್ತದೆ ಎಂಬುದು ಅಂಗಡಿಯಲ್ಲಿ ಕೂರುವ ಹುಡುಗನಿಗೆ ಬಾಯಿಪಾಠ. ತೂಕ ನೋಡಿ, ಉಜ್ಜಿ ನೋಡಿ ಇದು ಗನ್‌ಮೆಟಲ್, ಇದು ಹಿತ್ತಾಳೆ, ಇದು ಬೀಡು ಎಂದು ಹೇಳುವವರು ನಮ್ಮ ಗುಜರಿಯವರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಗಳ ಪಾಠ ಓದುವ ಎಷ್ಟೋ ಮಕ್ಕಳಿಗೆ ಆ ಕಣ್ಣಿಲ್ಲ. ಇಂಥ ಮನೆಯ ಹುಡುಗನಿಗೆ ಅಳತೆ, ಡ್ರಾಯಿಂಗ್, ಯಂತ್ರವಿದ್ಯೆ ಸೇರಿದರೆ ಅವನು ಬಿಡಿಭಾಗ ಮಾರುವವನಾಗಿ ಮಾತ್ರ ಉಳಿಯುವುದಿಲ್ಲ. ಅದನ್ನು ತಾನೇ ಮಾಡಿಸುತ್ತಾನೆ, ಇದಕ್ಕಿಂತ ಚೆನ್ನಾಗಿ ಮಾಡುವುದು ಹೇಗೆ ಎಂದೂ ಯೋಚಿಸುತ್ತಾನೆ.

ಅಡಿಕೆ ಹಾಳೆಯ ತಟ್ಟೆಯನ್ನೇ ನೋಡಿ. ಪ್ರೆಸ್ ಯಂತ್ರದಲ್ಲಿ ಬಿಸಿ ಅಚ್ಚಿನ ನಡುವೆ ಹಾಳೆ ಇಟ್ಟು ಒತ್ತಿದರೆ ತಟ್ಟೆ. ಆ ಅಚ್ಚಿನ ನಯ, ಅಂಚಿನ ಕೋನ, ಬಿಸಿಯ ಹದ ಸರಿಯಿಲ್ಲದಿದ್ದರೆ ತಟ್ಟೆ ಸೀಳುತ್ತದೆ. ತಟ್ಟೆ ಮಾರುವವರು ಊರಿಗೆ ಹತ್ತು ಜನ ಸಿಗುತ್ತಾರೆ, ಅಚ್ಚು ಮಾಡುವವರನ್ನು ಹುಡುಕಿಕೊಂಡು ದೂರ ಹೋಗಬೇಕು.

ಬೆಳೆಯನ್ನು ಹಾಗೇ ಮಾರುವುದಕ್ಕೂ ಅದರಿಂದ ಒಂದು ವಸ್ತು ಮಾಡಿ ಮಾರುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ಪುತ್ತೂರಿಗೆ ಹೋಗಬೇಕು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ, ಮುಂದೆ ಕೊಕ್ಕೊ ಕೊಳ್ಳುವವರು ಕೈಬಿಟ್ಟಾಗ ಅದನ್ನೂ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಬೀಜ ಮಾರಿದ್ದರೆ ರೈತನಿಗೆ ದರ ಅಷ್ಟೆ. ಕಾರ್ಖಾನೆ ಆದಮೇಲೆ ಬಾಯ್ಲರ್ ನೋಡುವವನಿಗೆ, ಶೀತಲ ಘಟಕ ನೋಡುವವನಿಗೆ, ಪ್ಯಾಕಿಂಗ್ ಯಂತ್ರ ನಡೆಸುವವನಿಗೆ, ಗುಣಮಟ್ಟ ಪರೀಕ್ಷಿಸುವವಳಿಗೆ ಎಲ್ಲರಿಗೂ ಅದೇ ಊರಿನಲ್ಲಿ ಕೆಲಸ ಸಿಕ್ಕಿತು.

ದಾರಿ ಒಂದೇ ಅಲ್ಲ

ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಎಂದರೆ ಪಿಯುಸಿ, ಸಿಇಟಿ, ಬಿಇ. ಸೀಟು ಸಿಗದಿದ್ದರೆ ಲಕ್ಷಗಟ್ಟಲೆ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು. ಅದಕ್ಕೂ ಆಗದಿದ್ದರೆ ಕಥೆ ಮುಗಿಯಿತು ಎಂದು ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ.

ಎಸೆಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಐಟಿಐಯಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಇವು ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶ ಪಡೆಯುವ ಅವಕಾಶವೂ ಇದೆ. ಅಂದರೆ ಎಸೆಸೆಲ್ಸಿಯಲ್ಲಿ ಅಂಕ ಕಡಿಮೆ ಬಂದ ಹುಡುಗ ಐಟಿಐಯಿಂದ ಹೊರಟು, ಡಿಪ್ಲೊಮಾ ದಾಟಿ ಎಂಜಿನಿಯರ್ ಆಗುವ ಬಾಗಿಲು ತೆರೆದೇ ಇದೆ. ಒಂದು ವರ್ಷ ಹೆಚ್ಚು ಹಿಡಿಯಬಹುದು. ಆದರೆ ಹೊರಬರುವಾಗ ಅವನ ಕೈಗೆ ಕೆಲಸ ಗೊತ್ತಿರುತ್ತದೆ.

ಇನ್ನೊಂದು ದಾರಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದ ಈ ಸಂಸ್ಥೆಗೆ ಈಗ ರಾಜ್ಯದಲ್ಲಿ ಹಲವು ಕೇಂದ್ರಗಳಿವೆ. ಮಂಗಳೂರಿನ ಬೈಕಂಪಾಡಿಯಲ್ಲಿದೆ, ನಮ್ಮ ಜಿಲ್ಲೆಯ ದಾಂಡೇಲಿಯಲ್ಲೂ ಇದೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮೇಲೆ ಹೇಳಿದ ತಟ್ಟೆಯ ಅಚ್ಚಿನಿಂದ ಹಿಡಿದು ಕಾರಿನ ಬಿಡಿಭಾಗದ ಅಚ್ಚಿನವರೆಗೆ ಮಾಡುವ ವಿದ್ಯೆ ಇದು. ಮಂಗಳೂರಿನ ಕದ್ರಿಯಲ್ಲಿರುವ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ನಡೆಯುತ್ತಿದೆ. ನಮ್ಮ ಜಿಲ್ಲೆಯ ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು 1980ರಲ್ಲೇ ಶುರುವಾಯಿತು. ಮಂಗಳೂರು ಬಳಿ ಪಿ.ಎ. ಕಾಲೇಜು 2000ದಲ್ಲಿ ಬಂತು. ಬ್ಯಾರೀಸ್ ಕಾಲೇಜು ಇದೆ. ‘ನಮ್ಮಲ್ಲಿ ಕಾಲೇಜಿಲ್ಲ’ ಎಂಬ ನೆಪ ಈಗ ನಡೆಯುವುದಿಲ್ಲ.

ಹಳ್ಳಿ ಮಕ್ಕಳಿಗೆ ಇನ್ನೊಂದು ವಿಷಯ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಕೋಲಸಿರ್ಸಿಯಂಥ ಊರಿನ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಇದು ಹಕ್ಕು. ಆದರೆ ಶಾಲೆಯಿಂದ ಪ್ರಮಾಣಪತ್ರ ಬರೆಸಿಕೊಂಡು, ಬಿಇಒ ಸಹಿ ಮಾಡಿಸಿಕೊಂಡು ಸಮಯಕ್ಕೆ ಸರಿಯಾಗಿ ಕೊಡದಿದ್ದರೆ ಹಕ್ಕು ಹೋದಂತೆಯೇ. ಕೊನೆಯ ದಿನ ನಾಡಕಚೇರಿ ಮುಂದೆ ಓಡಾಡುವ ಬದಲು ಡಿಸೆಂಬರಿನಲ್ಲೇ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಶುಲ್ಕಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇದೆ. ಅದಕ್ಕೂ ಅರ್ಜಿ ಸಮಯಕ್ಕೆ ಬೀಳಬೇಕು.

ಕಾಲೇಜು ಆರಿಸುವಾಗ ಕಟ್ಟಡದ ಗಾಜು ನೋಡಬೇಡಿ. ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಎಂದು ಕೇಳಿ. ಲೇತ್ ಮೇಲೆ ಧೂಳು ಕೂತಿದೆಯೋ, ಎಣ್ಣೆ ಇದೆಯೋ ನೋಡಿ. ಧೂಳಿದ್ದರೆ ಅಲ್ಲಿ ಮಕ್ಕಳಿಗೆ ಕೆಲಸ ಕಲಿಸುತ್ತಿಲ್ಲ ಎಂದೇ ಅರ್ಥ. ‘ಪ್ಲೇಸ್‌ಮೆಂಟ್ ಎಷ್ಟು?’ ಎಂದು ಕೇಳುವಾಗ ಕಾಲೇಜಿನ ಒಟ್ಟು ಲೆಕ್ಕ ಬೇಡ, ನಿಮ್ಮ ಮಗ ಸೇರುವ ವಿಭಾಗದ ಲೆಕ್ಕ ಕೇಳಿ.

‘ಆದರೆ ಕೆಲಸ ಎಲ್ಲಿದೆ?’

ಇಷ್ಟೆಲ್ಲ ಹೇಳಿದರೂ ಪೋಷಕರ ಮನಸ್ಸಿನಲ್ಲಿ ಒಂದು ಭಯ ಇದ್ದೇ ಇರುತ್ತದೆ. ಅದು ಸುಳ್ಳು ಭಯ ಅಲ್ಲ. ಭದ್ರಾವತಿಯನ್ನು ನೋಡಿ. 1918ರಲ್ಲಿ ಸ್ಥಾಪನೆಯಾಗಿ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. 1936ರಲ್ಲಿ ಹುಟ್ಟಿದ ಅದೇ ಊರಿನ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಎರಡು ಕಾರ್ಖಾನೆಗಳ ಮೇಲೆ ನಿಂತ ಒಂದು ಊರು ಕಂಗಾಲಾಯಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಈಗ ಎಲ್ಲರೂ ಕಂಪ್ಯೂಟರ್ ವಿಭಾಗಕ್ಕೆ ನುಗ್ಗುತ್ತಿದ್ದಾರೆ, ಮೆಕ್ಯಾನಿಕಲ್, ಸಿವಿಲ್ ಸೀಟುಗಳು ಖಾಲಿ ಬೀಳುತ್ತಿವೆ. ಆರಂಭದ ಸಂಬಳವೂ ಐಟಿ ಕಂಪೆನಿಗಿಂತ ಕಡಿಮೆ. ಗುತ್ತಿಗೆ ಕೆಲಸದ ಕಾಟ ಇದೆ. ಕೈಗೆ, ಕಿವಿಗೆ, ಕಣ್ಣಿಗೆ ಅಪಾಯವೂ ಇದೆ. ಇದನ್ನೆಲ್ಲ ಮುಚ್ಚಿಟ್ಟು ಮಕ್ಕಳನ್ನು ಕಳಿಸುವುದು ನ್ಯಾಯವಲ್ಲ.

ಆದರೂ ಎರಡು ಮಾತು ಹೇಳಬೇಕು. ಮೊದಲನೆಯದು, ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಎಲ್ಲರ ಪಾಡೂ ಒಂದೇ ಆಗುವುದಿಲ್ಲ. ವಿದ್ಯೆ ಇಲ್ಲದೆ ಸೇರಿದವನಿಗೆ ಗೇಟಿನ ಜೊತೆ ಬದುಕೂ ಮುಚ್ಚಿತು. ಲೇತ್, ವೆಲ್ಡಿಂಗ್, ವೈಂಡಿಂಗ್ ಗೊತ್ತಿದ್ದವನಿಗೆ ಇನ್ನೊಂದು ಗೇಟು ಹುಡುಕಲು ಸಾಧ್ಯವಿತ್ತು. ಹೀಗಾಗಿ ಆರಿಸಬೇಕಾದ್ದು ಎಲ್ಲಿ ಬೇಕಾದರೂ ನಡೆಯುವ ವಿದ್ಯೆಯನ್ನು, ಒಂದು ಕಾರ್ಖಾನೆಯನ್ನಲ್ಲ. ಎರಡನೆಯದು, ಸಿದ್ದಾಪುರದಿಂದ ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿ, ಮೆಷಿನ್ ಶಾಪುಗಳು ದೂರವಲ್ಲ. ಯಲ್ಲಾಪುರದವರಿಗೆ ಹುಬ್ಬಳ್ಳಿ–ಧಾರವಾಡ ಹತ್ತಿರ, ಅಲ್ಲಿ ಬಸ್ ಕಟ್ಟುವ ಕಾರ್ಖಾನೆ, ಮಣ್ಣು ಅಗೆಯುವ ಯಂತ್ರದ ಕಾರ್ಖಾನೆ ಇವೆ. ಬೆಳಗಾವಿಯಲ್ಲಿ ಫೌಂಡ್ರಿಗಳು, ವಿಮಾನದ ಬಿಡಿಭಾಗ ಮಾಡುವ ಘಟಕಗಳಿವೆ. ಕರಾವಳಿಯ ಮಲ್ಪೆಯಲ್ಲಿ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡ ಹಡಗುಕಟ್ಟೆಯಲ್ಲಿ ಟಗ್‌ಗಳು ತಯಾರಾಗುತ್ತಿವೆ. ಊರಿನಲ್ಲಿ ಕಾರ್ಖಾನೆ ಇಲ್ಲದಿದ್ದರೂ ಒಂದು ದಿನದ ಬಸ್ ಪ್ರಯಾಣದೊಳಗೆ ಇಷ್ಟಿವೆ.

ಗ್ಯಾರೇಜ್ ಹುಡುಗರ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಎಷ್ಟೋ ಹುಡುಗರು ಮೇಸ್ತ್ರಿಯ ಕೈಕೆಳಗೆ ಕಲಿತು ಒಳ್ಳೆಯ ಮೆಕ್ಯಾನಿಕ್ ಆದವರು. ಕಾರ್ಬುರೇಟರ್ ಬಿಚ್ಚಿ ಕಣ್ಣು ಮುಚ್ಚಿ ಜೋಡಿಸುತ್ತಾರೆ. ಆದರೆ 2020ರ ಏಪ್ರಿಲ್‌ನಿಂದ ಬಿಎಸ್6 ಬಂತು. ಬೈಕಿಗೂ ಫ್ಯೂಯೆಲ್ ಇಂಜೆಕ್ಷನ್ ಬಂತು, ಸೆನ್ಸರ್ ಬಂತು. ಸ್ಕ್ಯಾನರ್ ಓದಲು ಬಾರದವನ ಗ್ಯಾರೇಜಿಗೆ ಹೊಸ ಗಾಡಿ ಬರುವುದಿಲ್ಲ. ಮುಂದೆ ಬ್ಯಾಟರಿ ಗಾಡಿಗಳ ಕಾಲ. ಇಪ್ಪತ್ತು ವರ್ಷದ ಅನುಭವ ಇದ್ದೂ ಕೈಯಲ್ಲಿ ಒಂದು ಕಾಗದ ಇಲ್ಲದ ಕಾರಣ ಕಂಪೆನಿ ಶೋರೂಮಿನವರು ಒಳಗೆ ಬಿಡುವುದಿಲ್ಲ. ಅನುಭವಕ್ಕೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. 2006ರ ಸಾಚಾರ್ ವರದಿ ಹೇಳಿದ್ದೂ ಇದನ್ನೇ: ಮುಸ್ಲಿಮರು ಸ್ವಂತ ದುಡಿಮೆಯಲ್ಲಿ ಹೆಚ್ಚು, ಖಾಯಂ ಸಂಬಳದ ಕೆಲಸದಲ್ಲಿ ಕಡಿಮೆ. ಕೈಯಲ್ಲಿ ಕೆಲಸ ಇಲ್ಲದ ಸಮುದಾಯ ನಮ್ಮದಲ್ಲ, ಕೆಲಸಕ್ಕೆ ಕಾಗದ ಇಲ್ಲದ ಸಮುದಾಯ.

ಗಲ್ಫ್‌ಗೆ ಹೋಗುವುದಾದರೂ

‘ಎಷ್ಟು ಓದಿದ್ರೂ ಕಡೆಗೆ ಗಲ್ಫೇ ಅಲ್ವಾ?’ ಎನ್ನುವವರಿದ್ದಾರೆ. ಸರಿ, ಹೋಗಲಿ. ಆದರೆ ಯಾವ ವೀಸಾದಲ್ಲಿ? ಹೆಲ್ಪರ್ ಎಂದು ಹೋದವನಿಗೂ, ಪೈಪಿನ ಸುತ್ತ ಎಲ್ಲ ಕೋನದಲ್ಲೂ ಬೆಸೆಯುವ 6ಜಿ ಪರೀಕ್ಷೆ ಪಾಸಾದ ವೆಲ್ಡರ್ ಎಂದು ಹೋದವನಿಗೂ ಸಂಬಳ, ಕೋಣೆ, ಮರ್ಯಾದೆ ಎಲ್ಲದರಲ್ಲೂ ವ್ಯತ್ಯಾಸ ಇದೆ. ಈಗಂತೂ ಸೌದಿ ಅರೇಬಿಯಾ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ತಂತ್ರಜ್ಞ ಮುಂತಾದ ಕೆಲಸಗಳಿಗೆ ಬರುವವರು ತಮ್ಮ ದೇಶದಲ್ಲೇ ಕೌಶಲ ಪರೀಕ್ಷೆ ಪಾಸಾಗಿರಬೇಕು ಎನ್ನುತ್ತಿದೆ. ಪರಿಚಯದವರ ಮೂಲಕ ವೀಸಾ ತೆಗೆಸಿ, ಅಲ್ಲಿ ಹೋಗಿ ಕಲಿಯೋಣ ಎನ್ನುವ ಕಾಲ ಮುಗಿಯುತ್ತಾ ಬಂತು. ಜುಬೈಲ್‌ನಲ್ಲಿ ದೊಡ್ಡ ಗುತ್ತಿಗೆ ಕಂಪೆನಿ ಕಟ್ಟಿ ಸಾವಿರಾರು ಜನರಿಗೆ ಕೆಲಸ ಕೊಟ್ಟ ಕರಾವಳಿಯ ಮುಸ್ಲಿಮರಿದ್ದಾರೆ. ಅವರು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೇಳುವುದೂ ಊರು ಯಾವುದು ಎಂದಲ್ಲ, ಯಾವ ಕೆಲಸ ಬರುತ್ತದೆ ಎಂದು.

ಹೆಣ್ಣುಮಕ್ಕಳನ್ನು ಮರೆಯಬೇಡಿ

ಈವರೆಗೆ ಹುಡುಗ, ಹುಡುಗ ಎಂದೇ ಬರೆದೆ. ನಮ್ಮ ಮನೆಗಳಲ್ಲಿ ಈ ಚರ್ಚೆ ನಡೆಯುವುದೂ ಹಾಗೆಯೇ. ಆದರೆ ಎಸೆಸೆಲ್ಸಿಯಲ್ಲಿ ಹೆಚ್ಚು ಅಂಕ ತರುತ್ತಿರುವವರು ನಮ್ಮ ಹೆಣ್ಣುಮಕ್ಕಳು. ಎಲೆಕ್ಟ್ರಾನಿಕ್ಸ್ ಜೋಡಣೆ, ಯಂತ್ರಭಾಗಗಳ ಕಂಪ್ಯೂಟರ್ ವಿನ್ಯಾಸ, ಗುಣಮಟ್ಟ ಪರೀಕ್ಷೆ, ಆಹಾರ ಸಂಸ್ಕರಣೆ ಇವೆಲ್ಲ ತಾಳ್ಮೆ ಮತ್ತು ನಿಖರತೆ ಕೇಳುವ ಕೆಲಸಗಳು. ಮೈಕ್ರೋಮೀಟರ್ ಹಿಡಿದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವ ಕೈ ಗಂಡಸಿನದ್ದೇ ಆಗಬೇಕೆಂದಿಲ್ಲ. ಸುರಕ್ಷಿತ ಹಾಸ್ಟೆಲ್ ಇದ್ದರೆ, ಬಸ್ಸಿನ ವ್ಯವಸ್ಥೆ ಇದ್ದರೆ ಕಳಿಸಲು ಒಪ್ಪುವ ಉಮ್ಮಂದಿರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಇದ್ದಾರೆ. ವ್ಯವಸ್ಥೆ ಮಾಡುವವರು ಕಡಿಮೆ.

ಜಮಾಅತ್ ಏನು ಮಾಡಬಹುದು

ಕೊನೆಯದಾಗಿ, ಇದನ್ನೆಲ್ಲ ಸರ್ಕಾರದ ಮೇಲೆ ಹಾಕಿ ಕೂರುವುದು ಬೇಡ. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು, ಅನಿವಾಸಿ ಸಂಘಟನೆಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತವೆ, ಪ್ರತಿಭಾ ಪುರಸ್ಕಾರ ಮಾಡುತ್ತವೆ. ಶೇಕಡಾ ತೊಂಬತ್ತು ಅಂಕ ಬಂದವರಿಗೆ ಶಾಲು, ಫಲಕ. ಒಳ್ಳೆಯದೇ. ಈ ವರ್ಷ ಅದರ ಜೊತೆಗೆ ನಾಲ್ಕು ಕೆಲಸ ಸೇರಿಸಿ.

ವಿದ್ಯಾರ್ಥಿವೇತನದ ಒಂದು ಪಾಲನ್ನು ಐಟಿಐ, ಡಿಪ್ಲೊಮಾ, ಜಿಟಿಟಿಸಿ ಮಕ್ಕಳಿಗೆ ತೆಗೆದಿಡಿ. ಅವರಲ್ಲಿ ಎಷ್ಟೋ ಜನ ಶುಲ್ಕಕ್ಕಿಂತ ಹಾಸ್ಟೆಲ್ ಖರ್ಚಿಗೆ, ಟೂಲ್ ಕಿಟ್ ಖರ್ಚಿಗೆ ಹೆದರಿ ಅರ್ಧಕ್ಕೇ ಬಿಡುತ್ತಾರೆ. ಎರಡನೆಯದು, ಫಲಿತಾಂಶಕ್ಕೆ ಮೊದಲೇ, ಅಂದರೆ ಮಾರ್ಚ್‌–ಏಪ್ರಿಲ್‌ನಲ್ಲಿ, ಒಂದು ಮಾಹಿತಿ ಸಭೆ ಮಾಡಿ. ಭಾಷಣಕಾರರ ಬದಲು ಊರಿನಿಂದ ಹೋಗಿ ಫಿಟ್ಟರ್, ಲೈನ್‌ಮ್ಯಾನ್, ಡಿಸೈನರ್ ಆದವರನ್ನೇ ಕರೆಸಿ. ಸಂಬಳ ಎಷ್ಟು, ಕಷ್ಟ ಏನು ಎಂದು ಅವರ ಬಾಯಿಂದಲೇ ಮಕ್ಕಳು ಕೇಳಲಿ. ಮೂರನೆಯದು, ರಜೆಯಲ್ಲಿ ಮಕ್ಕಳನ್ನು ಒಂದು ವರ್ಕ್‌ಶಾಪಿಗೋ, ವಿದ್ಯುದಾಗಾರಕ್ಕೋ ಕರೆದುಕೊಂಡು ಹೋಗಿ ತೋರಿಸಿ. ತೋರಿಸಲು ಮಾತ್ರ, ದುಡಿಸಲು ಅಲ್ಲ. ಹದಿನಾಲ್ಕರ ಒಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ. ನಾಲ್ಕನೆಯದು, ವ್ಯಾಪಾರದಲ್ಲಿ ನಾಲ್ಕು ಕಾಸು ಮಾಡಿದ ನಮ್ಮ ದೊಡ್ಡವರು ಇನ್ನೊಂದು ಅಂಗಡಿ, ಇನ್ನೊಂದು ಕಾಂಪ್ಲೆಕ್ಸ್ ಕಟ್ಟುವ ಮೊದಲು ಡಿಪ್ಲೊಮಾ ಆದ ಇಬ್ಬರು ಹುಡುಗರ ಜೊತೆ ಕೂತು ಒಂದು ಚಿಕ್ಕ ತಯಾರಿಕಾ ಘಟಕದ ಲೆಕ್ಕ ಹಾಕಿ ನೋಡಲಿ. ಬಂಡವಾಳ ಮತ್ತು ಮಾರುಕಟ್ಟೆ ನಿಮ್ಮಲ್ಲಿದೆ, ವಿದ್ಯೆ ಅವರಲ್ಲಿರುತ್ತದೆ. ಇವೆರಡೂ ಒಂದೇ ಮೇಜಿಗೆ ಬರುವುದು ನಮ್ಮಲ್ಲಿ ಅಪರೂಪ.

ಎಲ್ಲ ಮಕ್ಕಳೂ ಎಂಜಿನಿಯರ್ ಆಗಬೇಕಾಗಿಲ್ಲ. ಕವಿತೆ ಬರೆಯುವವನು ಬರೆಯಲಿ, ಲೆಕ್ಕಪತ್ರ ಇಷ್ಟಪಡುವವಳು ಸಿಎ ಮಾಡಲಿ, ಅಂಗಡಿ ಇಷ್ಟ ಇರುವವನು ಅಂಗಡಿಗೇ ಬರಲಿ. ಆದರೆ ಮಿಕ್ಸಿ ಕೆಟ್ಟರೆ ಬಿಚ್ಚಿ ಕೂರುವ, ಮುರಿದ ಸೈಕಲ್ ಜೋಡಿಸುವ, ‘ಇದು ಹೇಗೆ ತಿರುಗ್ತದೆ ಉಪ್ಪಾ?’ ಎಂದು ಕೇಳುವ ಮಗು ಪ್ರತಿ ಊರಿನಲ್ಲೂ ಇದೆ. ಆ ಮಗುವನ್ನು ಗದರಿಸಿ ಗಲ್ಲಾಪೆಟ್ಟಿಗೆ ಮುಂದೆ ಕೂರಿಸಬೇಡಿ. ಡಿಪ್ಲೊಮಾ, ಐಟಿಐ ಪ್ರವೇಶದ ಅರ್ಜಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಈ ಬಾರಿ ಮಂಗಳೂರಿಗೆ, ದುಬೈಗೆ ಫೋನ್ ಮಾಡುವ ಮೊದಲು ಆ ಮಗುವನ್ನೇ ಒಮ್ಮೆ ಕೇಳಿ.